ನಿಮ್ಮ ಕೈಯಿಂದಾದ ಒಂದು ತಪ್ಪು

ಆಸ್ಪತ್ರೆ ಕಟ್ಟಲು ಲೀನ್ ಪದ್ಧತಿಯ ತಂಡ ಬೇಕಿತ್ತು. ನಕ್ಷೆ ಬರೆಯುವವರೂ ಕಟ್ಟುವವರೂ ಮೊದಲ ದಿನದಿಂದಲೇ ಜೊತೆಗೆ ಕೂರಬೇಕು, ಏನೂ ಪೋಲಾಗಬಾರದು, ಯಾರೂ ಏನನ್ನೂ ಮುಚ್ಚಿಡಬಾರದು. ಪ್ರಸ್ತಾವನೆ ಕೋರುವ ಪತ್ರವನ್ನು ಬರೆದವಳು ಕಟ್ಟಡ ಇಲಾಖೆಯ ಪದ್ಮಲತಾ. ಅವಳು ಬರೆಯುವ ಇಂಥ ಪ್ರತಿ ಪತ್ರದಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: ನಿಮ್ಮ ಕೈಯಿಂದಾದ ಒಂದು ತಪ್ಪನ್ನು ಹೇಳಿ.

"ಇದನ್ನ ಯಾರಮ್ಮ ಹೇಳ್ತಾರೆ? ತೆಗೆದುಹಾಕಿ" ಎಂದಿದ್ದರು ಮುಖ್ಯ ಎಂಜಿನಿಯರು.

"ಇರಲಿ ಸಾರ್."

ಸಂದರ್ಶನಕ್ಕೆ ಬಂದ ತಂಡಗಳು ಟೈಲ್ಸ್ ತಡವಾದದ್ದು, ಬಣ್ಣ ಅದಲುಬದಲಾದದ್ದು ಹೇಳಿ ನಕ್ಕು ಎದ್ದುಹೋದವು. ಕೊನೆಯ ತಂಡದ ಹಿರಿಯ ಮಾತ್ರ ನಗಲಿಲ್ಲ.

"ಹಿಂದಿನ ಕಂಪನಿಲಿದ್ದಾಗ ಒಂದು ಕಾಲೇಜು ಕಟ್ತಿದ್ವಿ. ಕಾಂಕ್ರೀಟ್ ಗಟ್ಟಿಯಾಗೋ ಮುಂಚೆನೇ ಆಸರೆಗೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿಸಿಬಿಟ್ಟೆ. ಸೂರು ಕುಸೀತು. ಕೆಳಗೆ ವೈರಿಂಗ್ ಮಾಡ್ತಿದ್ದೋರು ಒಬ್ರು ಹೋಗ್ಬಿಟ್ರು. ಕಂಪನಿಯೋರು ತಪ್ಪನ್ನ ಮಳೆ ಮೇಲೆ ಹಾಕಿದ್ರು. ನಾನೂ ಸುಮ್ಮನಿದ್ದೆ."

ಪದ್ಮಲತಾ ಯಾವ ಕಾಲೇಜು, ಯಾವ ವರ್ಷ ಎಂದು ಕೇಳಿಕೊಂಡು ಪೂರ್ತಿ ಅಂಕ ಬರೆದಳು.

"ಸತ್ತೋರ ಹೆಸರೇನ್ರೀ?" ಮುಖ್ಯ ಎಂಜಿನಿಯರು ಕೇಳಿದರು.

ಆತ ತಲೆ ತಗ್ಗಿಸಿದ. "ನಾನು ಕೇಳ್ಲೇ ಇಲ್ಲ ಸಾರ್."

"ಹೆಸರೂ ಗೊತ್ತಿಲ್ಲ! ಇಂಥೋರಿಗೆ ಪೂರ್ತಿ ಅಂಕ ಯಾಕಮ್ಮ?"

"ಪ್ರಶ್ನೆಗೆ ಉತ್ತರ ಬಂತಲ್ಲ ಸಾರ್."

"ಸತ್ತೋರು ಯಾರು ಅಂತಾದ್ರೂ ಗೊತ್ತಾಗೋದು ಬೇಡ್ವಾ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ನಮ್ಮನೆಯವರು ಸಾರ್."