ಏಳನೆಯ ಹೆಜ್ಜೆ

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆದರೂ ಆಕೆಗೆ ಎದ್ದು ಹೋಗುವ ದಾರಿ ಇರಲಿಲ್ಲ. ಬಲಕ್ಕೆ ಸೂರು ಮುಟ್ಟುವ ಪುಸ್ತಕದ ಕಟ್ಟುಗಳು. ಎಡಕ್ಕೆ ಪಕ್ಕದ ಕಟ್ಟಡದ ಗೋಡೆಗೇ ತೆರೆದುಕೊಳ್ಳುವ ಕಿಟಕಿ. ಬಾಗಿಲಿಗೆ ಅಡ್ಡವಾಗಿ ವಕೀಲರ ಕುರ್ಚಿ. ಎದುರಿಗೆ ಪ್ರಕಾಶಕರು. ಮೇಜಿನ ಮೇಲೆ ಮೂರೇ ಸಾಲಿನ ಒಂದು ಹಾಳೆ: ನಾನು ಕದ್ದಿದ್ದೇನೆ. ನನ್ನ ಪುಸ್ತಕವನ್ನು ಹಿಂತೆಗೆದುಕೊಳ್ಳುತ್ತೇನೆ. ಇನ್ನು ಮುಂದೆ ಮಕ್ಕಳಿಗಾಗಿ ಏನನ್ನೂ ಬರೆಯುವುದಿಲ್ಲ.

ಸಹಿಯ ಜಾಗ ಮಾತ್ರ ಖಾಲಿ ಇತ್ತು.

ಆಕೆ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವಂಥ ಸೋಜಿಗದ ಸಂಗತಿಗಳನ್ನೆಲ್ಲ ಕೂಡಿಸಿ ಹೋದ ತಿಂಗಳು ತನ್ನ ಮೊದಲ ಪುಸ್ತಕ ತಂದಿದ್ದಳು. ಮೊದಲ ಪುಟದಲ್ಲಿ ‘ಅಪ್ಪನಿಗೆ’ ಎಂದು ಅಚ್ಚಾಗಿತ್ತು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಅಂಥದೇ ಸಂಗತಿಗಳ ದಪ್ಪ ನೀಲಿ ಪುಸ್ತಕವೊಂದನ್ನು ಈ ಪ್ರಕಾಶಕರ ಮನೆತನ ಮೂವತ್ತು ವರ್ಷಗಳಿಂದ ಮಾರುತ್ತ ಬಂದಿತ್ತು. ಅವರು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಬಿಡಿಸಿಟ್ಟರು.

“ನೋಡಮ್ಮ, ಜೇನುತುಪ್ಪ ಕೆಡಲ್ಲ, ಆಕ್ಟೋಪಸ್‌ಗೆ ಮೂರು ಹೃದಯ, ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನಾನೇ ಉದ್ದ. ಇವೆಲ್ಲ ಯಾರಪ್ಪನ ಮನೆ ಆಸ್ತೀನೂ ಅಲ್ಲ, ಧಾರಾಳವಾಗಿ ಬರ್ಕೊ. ಆದ್ರೆ ಇದು?”

ಅವರ ಬೆರಳು ನಿಂತ ಸಾಲು ಎರಡೂ ಪುಸ್ತಕಗಳಲ್ಲಿತ್ತು: ಸತ್ತ ಇರುವೆಯನ್ನು ಹೊತ್ತು ಸಾಗುವ ಇರುವೆ ಏಳು ಹೆಜ್ಜೆಗೊಮ್ಮೆ ನಿಲ್ಲುತ್ತದೆ.

“ಹೊತ್ಕೊಂಡು ಹೋಗೋದು ನಿಜ. ನಿಲ್ಲೋದು ಸುಳ್ಳು.”

ಆಕೆಗೆ ತಕ್ಷಣ ಅರ್ಥವಾಗಲಿಲ್ಲ. ಪ್ರಕಾಶಕರು ನಿಧಾನವಾಗಿ ಬಿಡಿಸಿ ಹೇಳಿದರು. ಈ ಕಸುಬಿನಲ್ಲಿ ಕದಿಯುವವರು ಹೆಚ್ಚು. ಆದ್ದರಿಂದ ಪುಸ್ತಕದೊಳಗೆ ಒಂದೇ ಒಂದು ಸುಳ್ಳನ್ನು ಬೇಕೆಂದೇ ಸೇರಿಸಿರುತ್ತಾರೆ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಆ ಸುಳ್ಳು ಯಾರ ಪುಸ್ತಕದಲ್ಲಿ ಕಾಣಿಸುತ್ತದೋ ಅವರೇ ಕಳ್ಳರು. ಆ ಸುಳ್ಳು ಯಾವುದೆಂಬುದನ್ನು ಬರೆದವರ ಕೈಯಿಂದಲೇ ಬರೆಸಿ, ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿರುತ್ತಾರೆ. ಸಿಕ್ಕಿಬಿದ್ದವರ ಎದುರಿಗಷ್ಟೇ ಅದನ್ನು ಒಡೆಯಬೇಕು.

ಲಕೋಟೆ ಮೇಜಿನ ಮೇಲೆಯೇ ಇತ್ತು. ಹಳದಿಗಟ್ಟಿತ್ತು. “ನಮ್ಮಪ್ಪನ ಕಾಲದ್ದು. ಸುಳ್ಳು ಯಾವುದು ಅಂತ ಅವರೇ ನನಗೆ ಹೇಳಿದ್ರು,” ಎಂದರು ಪ್ರಕಾಶಕರು. “ಬರೆದೋರು ಯಾರೋ, ಹೆಸರು ಹಾಕೋಕೆ ಒಪ್ಪಲೇ ಇಲ್ವಂತೆ.”

“ಒಂದ್ಸಲ ಬಗ್ಗಿ ಇರುವೆ ನೋಡಿದ್ರೆ ಸಾಕಿತ್ತಲ್ಲ ಟೀಚರಮ್ಮ,” ವಕೀಲರು ನಕ್ಕರು. “ಅದಕ್ಕೇನು ಟಿಕೆಟ್ ತಗೋಬೇಕಿತ್ತಾ?”

ಆಕೆಯ ಕಿವಿ ಬಿಸಿಯಾಯಿತು. ಉಳಿದ ಒಂದೊಂದು ಸಂಗತಿಯನ್ನೂ ಆಕೆ ಮೂರು ಮೂರು ಪುಸ್ತಕ ತಿರುವಿ ಖಚಿತಪಡಿಸಿಕೊಂಡಿದ್ದಳು. ಇದೊಂದನ್ನು ಮಾತ್ರ ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೇ ಇರಲಿಲ್ಲ.

ಇದನ್ನು ಹೇಳಿದವನು ಅಪ್ಪ. ಆಗ ಆಕೆಗೆ ಆರು ವರ್ಷ. ಅಮ್ಮನನ್ನು ಹೊತ್ತವರು ಮುಂದೆ ಹೋಗುತ್ತಿದ್ದರು. ಆಕೆಯ ಪುಟ್ಟ ಕಾಲುಗಳು ಸೋಲುತ್ತಿದ್ದವು. ನಡುದಾರಿಯಲ್ಲಿ ಅವರು ಹೆಗಲು ಬದಲಿಸಲು ನಿಂತರು. ಯಾಕಪ್ಪಾ ನಿಂತರು ಎಂದು ಕೇಳಿದಳು. ಅಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ್ದ: “ಇರುವೇನೂ ಹೀಗೇ ನಿಲ್ಲುತ್ತೆ ಪುಟ್ಟಿ, ಏಳು ಹೆಜ್ಜೆಗೊಂದ್ಸಲ. ಹಿಂದೆ ಬರೋ ಮರಿ ಕೂಡ್ಕೊಳ್ಳಲಿ ಅಂತ.”

ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ದಿನವಿಡೀ ಬಗ್ಗಿ ಕೂತಿರುತ್ತಿದ್ದ. ರಿಪೇರಿಯಾದ ಗಡಿಯಾರ ಮತ್ತೆ ನಡೆಯತೊಡಗಿದರೆ ದೇವರಿಗೆ ಕೈ ಮುಗಿಯುತ್ತಿದ್ದ. ಬಂದ ವಸ್ತುವಿಗೆಲ್ಲ ದೋಷವೇನೆಂದು ಬರೆದು, ಕೆಂಪು ದಾರ ಪೋಣಿಸಿದ ಚೀಟಿ ಕಟ್ಟುತ್ತಿದ್ದ. ಯಾರದು ಎಂದು ಬರೆಯದೆ ಯಾವುದನ್ನೂ ಕೈಯಿಂದಾಚೆ ಬಿಡಬಾರದು ಎನ್ನುತ್ತಿದ್ದ. ಆಕೆಯ ಶಾಲೆಯ ಚೀಲಕ್ಕೂ ಅಂಥದೊಂದು ಚೀಟಿ ಇತ್ತು. ಶನಿವಾರ ಸಂಜೆ ಒಂದು ದಪ್ಪ ಲಕೋಟೆ ಕೊಟ್ಟು, ಗಡಿಯಾರದ ಬಿಡಿಭಾಗ ತರಿಸುವ ಕಾಗದ, ಅಂಚೆ ಡಬ್ಬಿಗೆ ಹಾಕಿ ಬಾ ಎಂದು ಆಕೆಯನ್ನು ಓಡಿಸುತ್ತಿದ್ದ.

ಅಪ್ಪ ಇರುವೆಯ ಮಾತು ಹೇಳಿದ್ದನ್ನು ಆಕೆ ತಡವರಿಸುತ್ತಲೇ ತಿಳಿಸಿದಳು. ಈಗ ತನಗೆ ಮೂವತ್ತೆಂಟು, ಅದು ನೀಲಿ ಪುಸ್ತಕಕ್ಕಿಂತ ಎರಡು ವರ್ಷ ಹಿಂದಿನ ಮಾತು ಎಂದಳು.

“ಆಗ ಬೇರೆ ಯಾರಾದ್ರೂ ಕೇಳಿಸಿಕೊಂಡಿದ್ರಾ?” ವಕೀಲರು ಕೇಳಿದರು.

“ಇಲ್ಲ.”

“ಇನ್ನೂ ಹುಟ್ಟೇ ಇಲ್ಲದ ಪುಸ್ತಕದಲ್ಲಿ ನಿಮ್ಮಪ್ಪ ಹೇಗಮ್ಮ ಓದಿಕೊಂಡ್ರು? ಹೋದವರ ಮೇಲೆ ಹಾಕೋದು ಸುಲಭ.”

ಆಕೆ ಮೂರು ಸಾಲಿನ ಹಾಳೆಯ ಕಡೆ ನೋಡಿದಳು. ಸಹಿ ಮಾಡಿದರೆ ತಾನು ಕಳ್ಳಿ. ನಾಳೆ ತರಗತಿಯಲ್ಲಿ ಮಕ್ಕಳಿಗೆ ಮುಖ ತೋರಿಸುವ ಹಾಗಿಲ್ಲ. ಮಾಡದೆ ವಾದಕ್ಕೆ ನಿಂತರೆ ಊರ ಮುಂದೆ ಅಪ್ಪನ ಹೆಸರು ಎಳೆದಾಡುತ್ತಾರೆ. ಅಪ್ಪ ಈಗ ಬಂದು ತನ್ನ ಪರವಾಗಿ ಒಂದು ಮಾತು ಹೇಳುವಂತಿಲ್ಲ.

ದೇವರೇ ಎಂದುಕೊಂಡು ಪೆನ್ನು ತೆಗೆದುಕೊಂಡಳು.

“ಸ್ವಲ್ಪ ತಾಳಿ,” ವಕೀಲರು ತಡೆದರು. “ಮೊದಲು ಲಕೋಟೆ ಒಡೀಬೇಕು. ಕ್ರಮ ಅಂದ್ರೆ ಕ್ರಮ.”

ಪ್ರಕಾಶಕರು ಅರಗು ಮುರಿದರು. ಒಳಗಿನದು ಸುಲಭವಾಗಿ ಬರಲಿಲ್ಲ. ಲಕೋಟೆಯನ್ನು ಮೇಜಿಗೆ ಕುಟ್ಟಿದರು. ಅಂಗೈಯಗಲದ ದಪ್ಪ ಕಾಗದವೊಂದು ಜಾರಿ ಬಿತ್ತು. ಅದರ ಮೂಲೆಯಲ್ಲಿ ತೂತು ಇತ್ತು. ತೂತಿನಲ್ಲಿ ಬಣ್ಣ ಹೋದ ಕೆಂಪು ದಾರ.

ಪೆನ್ನು ಆಕೆಯ ಕೈಯಿಂದ ಉರುಳಿತು.

ಪ್ರಕಾಶಕರು ಗಟ್ಟಿಯಾಗಿ ಓದತೊಡಗಿದರು. “ವಸ್ತು: ಏಳು ಹೆಜ್ಜೆಯ ಇರುವೆ.” ವಕೀಲರ ಕಡೆ ನೋಡಿ ತಲೆಯಾಡಿಸಿದರು. “ದೋಷ: ನಿಜವಲ್ಲ.” ಇನ್ನೊಂದು ಸಾಲು ಉಳಿದಿತ್ತು. ಅದನ್ನು ಅವರು ಓದಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಚೀಟಿಯನ್ನು ಮೆಲ್ಲಗೆ ಆಕೆಯ ಕಡೆ ತಿರುಗಿಸಿದರು.

‘ವಾರಸುದಾರರು: ನನ್ನ ಮಗಳು. ಕೇಳಿ ಬಂದರೆ ಹಿಂದಿರುಗಿಸುವುದು.’