ತಿಂಗಳ ಮೊದಲ ಸೋಮವಾರ

ಕುಂಡದಲ್ಲಿ ದೊಡ್ಡಪತ್ರೆ ಇರಲಿಲ್ಲ. ಶುಭಾಂಗಿ ಹೆಗಲಿನ ಚೀಲವನ್ನೂ ಇಳಿಸದೆ ಕಿಟಕಿಯ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿದಳು. ಆಫೀಸಿನ ಎತ್ತರದ ಅಲಂಕಾರದ ಗಿಡ ಎಂದಿನಂತೆ ನಿಂತಿತ್ತು. ಅದರ ಬುಡದಲ್ಲಿ, ನಾಲ್ಕು ವರ್ಷದ ಹಿಂದೆ ತಾನು ಚುಚ್ಚಿದ್ದ ಕಡ್ಡಿ ದಪ್ಪ ದಪ್ಪ ಎಲೆ ಬಿಟ್ಟು ಹರಡಿಕೊಂಡಿದ್ದ ಜಾಗದಲ್ಲಿ, ಬರೀ ಕರಿ ಮಣ್ಣಿತ್ತು.

ಶುಭಾಂಗಿಯ ಗಂಡ ತೀರಿಹೋದ ವರ್ಷ ಅದು. ಪಕ್ಕದ ಮೇಜಿನ ಶೀಲಾವತಿ ಭಾಯಂದರದ ತನ್ನ ಬಾಲ್ಕನಿಯಿಂದ ಆ ಕಡ್ಡಿ ಮುರಿದು ತಂದು ಕೈಗಿಟ್ಟಾಗ, "ನಾ ಹಚ್ಚಿದ್ದು ಯಾವುದೂ ಹತ್ತೂದಿಲ್ಲವಾ," ಎಂದಿದ್ದಳು ಶುಭಾಂಗಿ. "ಹಚ್ಚು ಮಾರಾಯ್ತಿ, ನೋಡುವ," ಎಂದಿದ್ದಳು ಶೀಲಾವತಿ. ಹತ್ತಿತು. ಎಸಿ ಗಾಳಿಯಲ್ಲೂ ಬೇರು ಬಿಟ್ಟು ಹತ್ತಿತು. ಅಂದಿನಿಂದ ಆ ಎಲೆಗಳನ್ನೊಮ್ಮೆ ಸವರಿ, ಬೆರಳು ಮೂಸಿ ನೋಡಿದ ಮೇಲೆಯೇ ಅವಳ ದಿನದ ಕೆಲಸ.

ಆರು ತಿಂಗಳ ಹಿಂದೆ ಶೀಲಾವತಿ ಕೆಲಸ ಬಿಟ್ಟು ಉಡುಪಿಗೆ ಹೋದಳು. ಹನ್ನೊಂದು ವರ್ಷ ಬೆಳಿಗ್ಗೆ ಎಂಟೂ ಹನ್ನೆರಡರ ಲೋಕಲ್‌ನಲ್ಲಿ ಭಾಯಂದರದಿಂದ ಆಫೀಸಿರುವ ಪಾರ್ಲೆಯವರೆಗೆ ಇಬ್ಬರೂ ಅಂಟಿಕೊಂಡು ಕೂತು ಬಂದವರು. ಒಂದು ಮಾತನ್ನು ಮಾತ್ರ ಶುಭಾಂಗಿ ಕೇಳಲೇ ಇಲ್ಲ. ಗಂಡ ತೀರಿದ ಮೇಲಿನ ವರ್ಷಗಳಲ್ಲಿ ತಿಂಗಳಿಗೊಂದು ಸೋಮವಾರ ಶೀಲಾವತಿ ಅವಳನ್ನು ಬಿಟ್ಟು ಆರೂ ಇಪ್ಪತ್ತೆರಡರ ಲೋಕಲ್ ರೈಲು ಹತ್ತಿಬಿಡುತ್ತಿದ್ದಳು. ಕೇಳದಿದ್ದರೂ ತಾನೇ, "ಅದರಲ್ಲಿ ಕಿಟಕಿ ಸೀಟು ಸಿಗ್ತದೆ," ಎನ್ನುತ್ತಿದ್ದಳು. ನನ್ನ ಗೋಳು ಕೇಳಿ ಕೇಳಿ ಬೇಸತ್ತಿರಬೇಕು, ತಿಂಗಳಿಗೊಂದು ದಿನವಾದರೂ ನನ್ನಿಂದ ಬಿಡುವು ಬೇಕಾಗಿರಬೇಕು ಎಂದುಕೊಂಡು ಶುಭಾಂಗಿ ನುಂಗಿಕೊಂಡಿದ್ದಳು. ಬೀಳ್ಕೊಡುವ ದಿನವೂ ಅದನ್ನು ಕೇಳಲಿಲ್ಲ. ಉಡುಪಿಯಿಂದ ಮೊದಲು ದಿನಕ್ಕೆರಡು ಫೋನು ಬರುತ್ತಿದ್ದವು. ಆಮೇಲೆ ಭಾನುವಾರಕ್ಕೊಂದು. ಈಗ ಸೋಮವಾರ ಬೆಳಿಗ್ಗೆ ಇವಳು ಕಳಿಸುವ ಗಿಡದ ಫೋಟೊ, ಅದಕ್ಕೆ ಆ ಕಡೆಯಿಂದ "ಚಂದ ಉಂಟು". ಇಬ್ಬರ ನಡುವೆ ಉಳಿದದ್ದು ಅಷ್ಟೇ. ಇವತ್ತು ಕಳಿಸುವುದೇನು?

ಕಿಟಕಿಯಿಂದ ಕೆಳಗೆ ನೋಡಿದಳು. ಗೇಟಿನ ಬಳಿ ಒಂದು ಟೆಂಪೊ, ಅದರ ತುಂಬ ಇಂಥವೇ ಬಿಳಿ ಕುಂಡಗಳು. ಲಿಫ್ಟಿಗೂ ಕಾಯದೆ ಮೂರು ಮಾಳಿಗೆ ಇಳಿದು ಓಡಿದಳು.

"ರುಕೋ, ರುಕೋ! ನನ್ನ ಗಿಡಾ!" ಗಡಿಬಿಡಿಯಲ್ಲಿ ಹಿಂದಿಯ ಬೆನ್ನಿಗೇ ಕನ್ನಡ ಬಾಯಿಗೆ ಬಂತು.

ಹಗ್ಗ ಬಿಗಿಯುತ್ತಿದ್ದ ನರೆತ ಮೀಸೆಯ ಸೋಮನಾಥ ತಿರುಗಿದ. ನರ್ಸರಿಯವನು, ವಿಜಯಪುರದ ಕಡೆಯವನು. "ಯಾವ ಗಿಡಾರಿ ಅಕ್ಕಾರ?"

"ಮೂರನೇ ಮಾಳಿಗಿ, ಕಿಟಕಿ ಬಾಜೂದ ಪಾಟು ಯಾಕ ತಂದ್ರಿ?"

"ತಿಂಗಳಾ ತರ್ತೀವಲ್ರಿ. ಮೊದಲನೇ ಸೋಮವಾರ ಹಳೇವು ಒಯ್ಯೂದು, ತಾಜಾ ಇಡೂದು. ಬಾಡಿಗಿ ಗಿಡ ಇವು. ಎಸಿ ಒಳಗ ಭಾಳ ದಿವಸ ತಡಿಯೂದಿಲ್ರಿ."

"ಸುಳ್ಳ ಹೇಳಬ್ಯಾಡ್ರಿ. ಅದರಾಗ ನನ್ನ ದೊಡ್ಡಪತ್ರಿ ನಾಕು ವರ್ಷದಿಂದ ಐತಿ!"

ಸೋಮನಾಥ ಹಗ್ಗ ಬಿಟ್ಟು ಹಣೆ ಬಡಿದುಕೊಂಡ. "ಅಯ್ಯ, ಶುಭಾಂಗಿ ಅಕ್ಕಾರು ನೀವ ಏನ್ರಿ? ದೊಡ್ಡ ಸಾಹೇಬ್ರು ಬರ್ತಾರಂತ ವಾಚ್‌ಮನ್ ಗಡಬಡಿ ಹಚ್ಚಿದ. ಕಿತ್ತು ಹಚ್ಚೂದು ಮರತ ಬಿಟ್ನಿ ನೋಡ್ರಿ."

"ಏನು ಕಿತ್ತು ಹಚ್ಚೂದು?"

"ಆ ಉಡುಪಿ ಅಕ್ಕಾರು ಇದ್ದಾಗ, ನಾ ಬರೂದರಾಗ ಅವರು ಬಂದು ನಿಂತಿರ್ತಿದ್ರು, ಕೈಯಾಗ ಊಟದ ಡಬ್ಬೀ ಚಮಚಾ ಹಿಡಕೊಂಡು. ಹಳೇ ಪಾಟಿನಾಗಿಂದ ಬೇರು ಹರೀದಂಗ ತಗದು ಹೊಸದರಾಗ ಹಚ್ಚಿ, ಚೆಲ್ಲಿದ ಮಣ್ಣು ಒರಸಿ, ಏನೂ ಆಗಿಲ್ಲ ಅನ್ನೂವಂಗ ಕೂಡ್ತಿದ್ರು. ಹೋಗೂ ಮುಂದ ನನಗ ಒಪ್ಪಿಸಿ ಹೋದ್ರು. ಶುಭಾಂಗಿಗೆ ತಿಳೀಬಾರದು, ತನ್ನ ಕೈ ಚಲೋ ಐತಿ ಅಂತ ಈಗೀಗ ನಂಬ್ಯಾಳ ಅಂದ್ರು."

ಶುಭಾಂಗಿ ಟೆಂಪೊದ ಹಲಗೆ ಹಿಡಿದು ನಿಂತಳು. ತಿಂಗಳಿಗೊಮ್ಮೆ ಊಟದ ಹೊತ್ತಿಗೆ ಶೀಲಾವತಿ, "ಚಮಚ ಮರೆತೆ, ನಿನ್ನದು ಕೊಡು," ಎಂದು ಕೈ ಚಾಚುತ್ತಿದ್ದದ್ದು ನೆನಪಾಯಿತು. ಅವಳ ಉಗುರ ಸಂದಿಯ ಕರಿಯನ್ನು ನೋಡಿ, "ಏನವಾ, ಬೆಳಬೆಳಗ್ಗೆ ಹೊಲಾ ಮಾಡಿ ಬಂದಿಯೇನ?" ಎಂದು ತಾನು ನಕ್ಕಿದ್ದೂ.

ಸೋಮನಾಥ ಒಂದೊಂದೇ ಕುಂಡ ಸರಿಸಿ ಹುಡುಕಿದ. ಕಾಣುವ ಮೊದಲೇ ವಾಸನೆ ಬಂತು. ಅರ್ಧಕ್ಕರ್ಧ ಜಜ್ಜಿಹೋಗಿತ್ತು. ಬೇರಿದ್ದ ಒಂದು ಗೇಣು ಕಡ್ಡಿಯನ್ನು ಬಿಡಿಸಿ ಅವಳ ಅಂಗೈಯಲ್ಲಿಟ್ಟ. "ಮುಂದಿನ ತಿಂಗಳ ಮರಿಯೂದಿಲ್ರಿ ಅಕ್ಕಾರ."

"ನೀವು ಎಷ್ಟಕ್ಕ ಬರ್ತೀರಿ?"

"ಏಳೂವರಿಗ್ರಿ."

"ನಾ ಬಂದಿರ್ತೀನಿ. ನೀವು ಮುಟ್ಟಬ್ಯಾಡ್ರಿ."

ಮೇಲೆ ಬಂದು ಚೀಲದಿಂದ ತನ್ನ ಊಟದ ಚಮಚ ತೆಗೆದು ಮಣ್ಣು ತೋಡಿದಳು. ಕಡ್ಡಿ ನಿಲ್ಲಿಸಿ ಸುತ್ತ ಅದುಮಿದಳು. ನಾಲ್ಕೇ ಎಲೆ ಉಳಿದಿದ್ದವು. ಫೋಟೊ ತೆಗೆಯುವಾಗ ಮಣ್ಣು ಮೆತ್ತಿದ ಚಮಚವನ್ನು ಪಕ್ಕಕ್ಕಿಡಲು ಹೋದವಳು, ಇರಲಿ ಎಂದು ಗಿಡದ ಬುಡದಲ್ಲೇ ಬಿಟ್ಟಳು. ಫೋಟೊದ ಕೆಳಗೆ ಬರೆದಳು: "ಆರೂ ಇಪ್ಪತ್ತೆರಡರ ಲೋಕಲ್‌ನಾಗ ಕಿಟಕಿ ಸೀಟು ಖರೇನ ಸಿಗತೈತೇನ?"

ಶೀಲಾವತಿ ನೋಡಿದಳೆಂಬ ಗುರುತು ತಕ್ಷಣ ಬಂತು. ಬರೆಯುತ್ತಿದ್ದಾಳೆ ಎಂದು ತೋರಿಸಿ ನಿಂತಿತು. ಮತ್ತೆ ತೋರಿಸಿ ಮತ್ತೆ ನಿಂತಿತು. ಇವತ್ತು "ಚಂದ ಉಂಟು" ಬರಲಿಲ್ಲ.

"ಸಿಗ್ತದೆ ಮಾರಾಯ್ತಿ. ಆದ್ರೆ ಮಾತಾಡ್ಲಿಕ್ಕೆ ಯಾರೂ ಇರುದಿಲ್ಲ."