ತೊಟ್ಟಿಲ ಊಟ

ಆಲೂಗೆಡ್ಡೆ ಅಗೆದು ಮುಗಿದು, ಬೆಟ್ಟದ ನೆತ್ತಿಗೆ ಮೊದಲ ಹಿಮ ಕೂತ ವಾರ. ಬುಧವಾರ ಹೊತ್ತು ಮೂಡುವಾಗ ಬೂರುಲ್ ಮುದುಕಿಯ ಗಂಡ ಸೈದಾಲಿ ತೀರಿಕೊಂಡ. ಹೋಗುವ ಮುಂಚೆ ಅವನು ಹೇಳಿದ್ದು ಇಷ್ಟೇ: "ಸಾವಿನ ಮನೇಲಿ ಕುದುರೆ ಕಡೀಬಾರ್ದು ಅಂತ ಕಾನೂನು ತಂದೋನು ನಮ್ಮ ಮಗ. ನನ್ನ ಹೆಣದ ಮುಂದೇನೇ ಅದು ಮುರೀಬಾರ್ದು. ಕೆಂಪು ಹೆಣ್ಣು ಕುದುರೆ ನಿನಗೆ. ಅದರ ಹಾಲು ಹಿಂಡ್ಕೊಂಡು ಬದುಕು."

ಆ ಕಾನೂನು ಹುಟ್ಟಿದ್ದೂ ಅದೇ ಮನೆಯಲ್ಲಿ. ಸೋವಿಯತ್ ಸರ್ಕಾರ ಬಿದ್ದ ವರ್ಷ ಸೈದಾಲಿಯ ಅಪ್ಪ ಸತ್ತಿದ್ದ. ಎರಡು ಕುದುರೆ ಕಡಿದು ಊರಿಗೆ ಬಡಿಸಿ, ಚಳಿಗಾಲವೆಲ್ಲ ಬರಿ ಚಹಾ ಕುಡಿದು ಕಳೆದಿದ್ದರು. ಸೈದಾಲಿಯ ಮಗ ಮೆಲಿಸ್ ಅದನ್ನೇ ಹೇಳಿ ಹೇಳಿ ಚುನಾವಣೆ ಗೆದ್ದ. ಈಗ ಮಂತ್ರಿಯಾಗುವವನು ಅವನೇ ಎಂದು ಕಿರ್ಗಿಸ್ತಾನವೆಲ್ಲ ಆಡಿಕೊಳ್ಳುತ್ತಿತ್ತು.

ಗುರುವಾರ ರಾಜಧಾನಿ ಬಿಷ್ಕೆಕ್‌ನಿಂದ ಮೂವತ್ತು ಕಾರು ಬಂದವು, ಹಿಂದೆಯೇ ಟೀವಿಯವರು. ಅಂಗಳದ ಕಂಬಳಿ ಗುಡಾರದೊಳಗೆ ಹೆಣ, ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತ ಬೂರುಲ್. ಹೊರಗೆ ಮೆಲಿಸ್ ಸೊಂಟಕ್ಕೆ ಪಟ್ಟಿ ಬಿಗಿದು, ಕೋಲಿಗೆ ಒರಗಿ, ಗಂಡುಮಕ್ಕಳ ವಾಡಿಕೆಯಂತೆ ನಿಂತು ಅಳುತ್ತಿದ್ದ. ಬಂದವರಿಗೆ ಚಹಾ, ರೊಟ್ಟಿ. ಕ್ಯಾಮೆರಾ ಬಟ್ಟಲು ಬಟ್ಟಲನ್ನೂ ಹಿಡಿಯಿತು.

ಸ್ವಲ್ಪ ಹೊತ್ತಿಗೆ ಮಾಂಸ ಬೇಯುವ ವಾಸನೆ ಬಂತು.

"ಎಲ್ಲಿಂದಲೇ ಸಯ್ರಾ?" ಬೂರುಲ್ ಪಕ್ಕದ ಮನೆಯವಳನ್ನು ಕೇಳಿದಳು.

"ನಮ್ಮನೇದೇ ಅಕ್ಕಾ. ಮಗೂನ ತೊಟ್ಟಿಲಿಗೆ ಹಾಕೋ ಊಟ."

"ಯಾವ ಮಗು? ನಿನ್ನ ಕಿರಿಯೋನೇ ಮಿಲಿಟ್ರೀಲಿ ಅವ್ನಲ್ಲೇ!"

"ಅವಂದೇ ಅಕ್ಕಾ. ಆಗ ಮಾಡಿರ್ಲಿಲ್ಲ. ಈಗ ಮಾಡ್ಬಿಡಿ ಅಂತ ನಿಮ್ಮ ಮೆಲಿಸೇ ಅಂದ."

"ಮೀಸೆ ಬಂದೋನಿಗೆ ತೊಟ್ಟಿಲು! ಕಡಿದಿದ್ದು ಯಾರ ಕುದುರೆ?"

ಸಯ್ರಾ ಅಂಗಳದಾಚೆಯ ಖಾಲಿ ಲಾಯದ ಕಡೆ ಕೈ ತೋರಿದಳು.

ಬೂರುಲ್ ಮಗನನ್ನು ಒಳಕ್ಕೆ ಕರೆಸಿದಳು. ಅವನು ಪಿಸುಗುಟ್ಟಿದ: "ಅವ್ವಾ, ದೊಡ್ಡೋರು ಬಂದಿದ್ದಾರೆ. ಬರೀ ಚಹಾ ಕುಡಿಸಿ ಕಳ್ಸಿದ್ರೆ ನಾಳೆ ನನ್ನ ಪಕ್ಕ ಯಾರು ನಿಲ್ತಾರೆ? ಇಲ್ಲಿ ಕಾನೂನು ಉಳೀತು, ಅಲ್ಲಿ ಮಾನ ಉಳೀತು."

"ನನ್ನ ಕುದುರೆ ಉಳೀಲಿಲ್ಲ. ನಿಮ್ಮಪ್ಪನ ಮಾತೂ ಉಳೀಲಿಲ್ಲ."

"ಮೆಲ್ಲಗೆ ಅವ್ವಾ, ಟೀವಿಯವ್ರಿದ್ದಾರೆ."

ಗಂಡನ ಹೆಣದ ಮುಂದೆ ಹೆಂಡತಿ ಹಾಡಿ ಅಳುವಾಗ ಖಾನನೇ ಬಂದರೂ ಬಾಯಿ ಮುಚ್ಚಿಸುವಂತಿಲ್ಲ. ಅವನು ಹೊರಗೆ ಕಾಲಿಡುವಷ್ಟರಲ್ಲಿ ಬೂರುಲ್ ದನಿ ತೆಗೆದಳು:

"ನೆರೆಮನೆಯ ತೊಟ್ಟಿಲಲಿ ಮೀಸೆ ಬಂದ ಕೂಸು,
ಕೂಸಿನ ಊಟಕ್ಕೆ ಹೋಯ್ತಲ್ಲೋ ನಿನ್ನ ಕೆಂಪು ಕುದುರೆ..."

ಮೆಲಿಸ್ ಕೋಲಿಗೆ ಜೋತುಬಿದ್ದು "ಅಪ್ಪಾ!" ಎಂದು ಅರಚಿದ. ಅವಳು ದನಿ ಏರಿಸಿದಳು, ಅವನೂ ಏರಿಸಿದ. "ಯಾರು ಕೊಯ್ದರೋ" ಎಂದರೆ "ಅಯ್ಯೋ ಅಪ್ಪಾ!" "ಯಾರು ತಿಂದರೋ" ಎಂದರೆ "ಅಪ್ಪಾ, ಅಪ್ಪಾ!" ಸಂಜೆಯವರೆಗೂ ಹೀಗೇ ನಡೆಯಿತು. ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಬಂತು. ಸಯ್ರಾಳ ಮನೆಯಿಂದ ಬಂದ ಹಿರಿಯರು ಮೊದಲು ಬಾಯಿ, ಆಮೇಲೆ ಕಣ್ಣು ಒರೆಸಿಕೊಂಡರು. "ಅಪ್ಪನಿಗೆ ಹಿಂಗೆ ಅತ್ತ ಮಗನ್ನ ಈ ಕಣಿವೆ ಕಂಡಿಲ್ಲ ಬಿಡು," ಎಂದರು.

ಶುಕ್ರವಾರ ಮಣ್ಣಾಯಿತು. ಶನಿವಾರ ಬೆಳಗ್ಗೆ, ಅರಚಿ ಅರಚಿ ಗಂಟಲು ಕಟ್ಟಿ ಒಂದು ಮಾತೂ ಹೊರಡದ ಮೆಲಿಸ್ ತಾಯಿಗೆ ಕೈ ಮುಗಿದು, ಮಂತ್ರಿಯಾಗಲು ಹೊರಟುಹೋದ.